ಎರಡು ಅಂಗುಲದ ಬೆಳಕು

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಕಣ್ಣಿಗೆ ಕಂಡದ್ದಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ ಕಾಣದೇ ಇರುವುದಕ್ಕೆ ಇನ್ನೆಷ್ಟು ಬೇಕು? ಆದರೆ ನಾವು ಮಾಡುವುದು ಇದಕ್ಕೆ ಪೂರ್ತಿ ತಿರುಗುಮುರುಗು. ಕಂಡದ್ದನ್ನಾದರೂ ಎರಡು ಸಲ ನೋಡುತ್ತೇವೆ. ಕಾಣದ್ದರ ಮೇಲೆ ಮಾತ್ರ ಒಂದೇ ಏಟಿಗೆ ತೀರ್ಪು ಕೊಟ್ಟುಬಿಡುತ್ತೇವೆ. ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ ಸೊಸೆ ಏನು ಮಾತಾಡಿಕೊಂಡರೋ ಯಾರಿಗೂ ಕೇಳಿಸಿರುವುದಿಲ್ಲ, ಆದರೂ ಸಂಜೆಯ ಹೊತ್ತಿಗೆ ಬೀದಿಗೆಲ್ಲ ಅದು ಗೊತ್ತಿರುತ್ತದೆ! ನಾನು ಇಲ್ಲಿ ಬರೆಯಹೊರಟಿರುವುದು ಹಾಗೆ ಕಣ್ಣಿಗೆ ಕಾಣದ ಒಂದು ವಸ್ತುವಿನ ವಿಷಯ. ಅದು ದೆವ್ವವಲ್ಲ, ಕೆಟ್ಟ ದೃಷ್ಟಿಯೂ ಅಲ್ಲ. ಅದು ಬೆಳಕು. ಕ್ಯಾಲ್ಕುಲೇಟರಿನ ನೆತ್ತಿಯಿಂದ ಹೊರಟು, ಎರಡು ಅಂಗುಲ ದೂರದಲ್ಲಿರುವ ಇನ್ನೊಂದು ಕ್ಯಾಲ್ಕುಲೇಟರಿಗೆ ಮಾತ್ರ ಸುದ್ದಿ ಮುಟ್ಟಿಸಬಲ್ಲ ಒಂದು ಬಡ ಬೆಳಕು.

ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳಿಕೊಡುವ ನಿನಗೆ ಬೆಳಕಿನ ತರಂಗಾಂತರದ ಗೊಡವೆ ಯಾಕಮ್ಮಾ ಎಂದು ನೀವು ಕೇಳಬಹುದು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟರು ನಗುತ್ತಾ ಕೇಳಿಯೂ ಇದ್ದಾರೆ. ಅಗತ್ಯ ಬಿದ್ದರೆ ಹೆಂಗಸು ಕುಕ್ಕರಿನ ವಾಷರಿನಿಂದ ಹಿಡಿದು ಕೋರ್ಟಿನ ಕಾಗದದವರೆಗೆ ಎಲ್ಲವನ್ನೂ ಕಲಿತುಕೊಳ್ಳುತ್ತಾಳೆ, ಕಲಿಯದೆ ವಿಧಿಯಿಲ್ಲ. ನನಗೂ ಹಾಗೆ ಒಂದು ಅಗತ್ಯ ಬಿತ್ತು. 1995ರಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳ ಓದು ನಿಲ್ಲುವುದೋ ಮುಂದುವರಿಯುವುದೋ ಎಂಬ ಪ್ರಶ್ನೆ ಈ ಬೆಳಕಿನ ಮೇಲೆ ನಿಂತುಬಿಟ್ಟಿತ್ತು. ಆ ಕಥೆಗೆ ಬರುವ ಮೊದಲು ಬೆಳಕಿನ ಪರಿಚಯವಾಗಬೇಕು. ಪಾತ್ರದ ಪರಿಚಯವಿಲ್ಲದೆ ನಾಟಕ ಶುರು ಮಾಡಿದರೆ ಚೆನ್ನಾಗಿರುವುದಿಲ್ಲ.

ಮನೆಯ ಗಂಡಸರು ಕೊಟ್ಟರೆ ಟೀವಿಯ ರಿಮೋಟನ್ನು ಒಂದು ನಿಮಿಷ ಕೈಗೆ ತೆಗೆದುಕೊಳ್ಳಿ. ಅದರ ಮುಂದಿನ ತುದಿಯಲ್ಲಿ ಮಣಿಯಂಥ ಒಂದು ಪುಟ್ಟ ಬಲ್ಬು ಇರುತ್ತದೆ. ಗುಂಡಿ ಒತ್ತಿ ಅದನ್ನೇ ನೋಡಿ, ಏನೂ ಕಾಣುವುದಿಲ್ಲ. ಈಗ ಮೊಬೈಲ್ ಫೋನಿನ ಕ್ಯಾಮೆರಾ ತೆರೆದು, ಸೆಲ್ಫಿ ತೆಗೆಯುವ ಕಡೆಗೆ ತಿರುಗಿಸಿಕೊಂಡು, ಅದರ ಎದುರು ರಿಮೋಟ್ ಹಿಡಿದು ಗುಂಡಿ ಒತ್ತಿ. ಹೆಚ್ಚಿನ ಫೋನುಗಳಲ್ಲಿ ಆ ಮಣಿ ನೇರಳೆ ಬೆರೆತ ಬಿಳುಪಿನಲ್ಲಿ ಮಿಣಮಿಣ ಮಿನುಗುವುದು ಕಾಣುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಕಾಣದೇ ಇರಬಹುದು, ಏಕೆಂದರೆ ಅದರಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರು ಸಾಮಾನ್ಯವಾಗಿ ಹೆಚ್ಚು ಬಲವಾಗಿರುತ್ತದೆ. ಬೆಳಕು ಮೊದಲೂ ಇತ್ತು, ಈಗಲೂ ಇದೆ. ಬದಲಾದದ್ದು ನೋಡುವ ಕಣ್ಣು ಮಾತ್ರ.

ಸಂಗೀತ ಕಲಿತವರಿಗೆ ಇದು ಬೇಗ ಹೊಳೆಯುತ್ತದೆ. ಸ್ವರಕ್ಕೆ ಮಂದ್ರ, ಮಧ್ಯ, ತಾರ ಎಂಬ ಸ್ಥಾಯಿಗಳಿರುವಂತೆ ಬೆಳಕಿಗೂ ಸ್ಥಾಯಿಗಳಿವೆ. ನೇರಳೆ ತಾರದ್ದು, ಕೆಂಪು ಮಂದ್ರದ್ದು. ಕೆಂಪಿಗಿಂತಲೂ ಕೆಳಗಿನ ಸ್ವರವನ್ನು ನಮ್ಮ ಕಣ್ಣು ಹಿಡಿಯಲಾರದು. ಅದನ್ನೇ ಇನ್‌ಫ್ರಾರೆಡ್ ಎನ್ನುತ್ತಾರೆ, ಕನ್ನಡದಲ್ಲಿ ಅವಕೆಂಪು. ಬೆಳಕು ಅಲೆಯಾಗಿ ಸಾಗುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರವೇ ತರಂಗಾಂತರ. ಅದನ್ನು ಅಳೆಯುವುದು ನ್ಯಾನೋಮೀಟರಿನಲ್ಲಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ! ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರಿನವರೆಗಿನ ಬೆಳಕು. ಟೀವಿ ರಿಮೋಟಿನದು ಸಾಮಾನ್ಯವಾಗಿ 940ರ ಆಸುಪಾಸು. ಒಂದು ಮಿಲಿಮೀಟರಿನ ಜಾಗದಲ್ಲಿ ಅಂಥ ಅಲೆಗಳು ಸಾವಿರಕ್ಕೂ ಮಿಕ್ಕಿ ಹಿಡಿಸುತ್ತವೆ.

ಹೀಗೆ ಕಾಣದ ಬೆಳಕೊಂದು ಇದೆಯೆಂದು ತೋರಿಸಿಕೊಟ್ಟವರು ವಿಲಿಯಂ ಹರ್ಷೆಲ್, 1800ರಲ್ಲಿ, ಇಂಗ್ಲೆಂಡಿನಲ್ಲಿ. ಅವರು ಮೊದಲು ಸಂಗೀತಗಾರರಾಗಿದ್ದು ಆಮೇಲೆ ಖಗೋಳಶಾಸ್ತ್ರಕ್ಕೆ ಬಂದವರು. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣವಾಗಿ ಹರಡಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಎಷ್ಟು ಬಿಸಿ ಎಂದು ನೋಡಿದರು. ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿಟ್ಟ ಥರ್ಮಾಮೀಟರ್ ಎಲ್ಲಕ್ಕಿಂತ ಹೆಚ್ಚು ಏರಿತು. ಬೇರೆಯವರಾಗಿದ್ದರೆ ಥರ್ಮಾಮೀಟರ್ ಕೆಟ್ಟಿದೆ ಎಂದು ಎತ್ತಿಡುತ್ತಿದ್ದರೋ ಏನೋ. ಹರ್ಷೆಲ್ ಮತ್ತೆ ಮತ್ತೆ ಅಳೆದು ನೋಡಿದರು. ಅಳೆದು ನೋಡಿದರು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಈ ಬೆಳಕನ್ನು ಹುಟ್ಟಿಸುವ ಎಲ್‌ಇಡಿಯ ವಿಷಯ. ಅಟ್ಟದ ಮೇಲಿನಿಂದ ಪಾತ್ರೆ ಬಿದ್ದರೆ ದೊಡ್ಡ ಸದ್ದು, ಮಣೆಯ ಮೇಲಿನಿಂದ ಬಿದ್ದರೆ ಸಣ್ಣ ಸದ್ದು. ಎಲ್‌ಇಡಿಯ ಹರಳಿನೊಳಗೆ ಎಲೆಕ್ಟ್ರಾನುಗಳು ಹಾಗೆಯೇ ಒಂದು ಮೆಟ್ಟಿಲಿನಿಂದ ಕೆಳಗೆ ಬೀಳುತ್ತವೆ. ಬಿದ್ದಾಗ ಸದ್ದಿನ ಬದಲು ಬೆಳಕು ಬರುತ್ತದೆ. ಮೆಟ್ಟಿಲು ಎತ್ತರವಾಗಿದ್ದರೆ ನೀಲಿ, ತಗ್ಗಾದರೆ ಕೆಂಪು, ಇನ್ನೂ ತಗ್ಗಾದರೆ ಅವಕೆಂಪು. ಎತ್ತರವನ್ನು ಗೊತ್ತು ಮಾಡುವುದು ಹರಳನ್ನು ಮಾಡಿದ ಪದಾರ್ಥ. ಗ್ಯಾಲಿಯಂ ಆರ್ಸೆನೈಡ್ ಎಂಬ ಹರಳು 940ರ ಆಸುಪಾಸಿನ ಬೆಳಕು ಕೊಡುತ್ತದೆ. ಅದಕ್ಕೆ ಅಲ್ಯುಮಿನಿಯಂ ಬೆರೆಸಿದರೆ 880, 850ಕ್ಕೆ ಬರುತ್ತದೆ. ರಂಜಕ ಬೆರೆಸಿದರೆ ಕಣ್ಣಿಗೆ ಕಾಣುವ ಕೆಂಪು. ಸಾರಿಗೆ ಹುಳಿ ಖಾರ ಹೆಚ್ಚು ಕಡಿಮೆ ಮಾಡಿದಂತೆ, ಅಷ್ಟೆ. 1961ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜೇಮ್ಸ್ ಬಿಯಾರ್ಡ್ ಮತ್ತು ಗ್ಯಾರಿ ಪಿಟ್‌ಮನ್ ಎಂಬ ಇಬ್ಬರು ಗ್ಯಾಲಿಯಂ ಆರ್ಸೆನೈಡಿನಿಂದ ಅವಕೆಂಪು ಬೆಳಕು ಬರುವುದನ್ನು ಕಂಡುಕೊಂಡರು. ಮರುವರ್ಷವೇ ಅದು ಮಾರಾಟಕ್ಕೆ ಬಂತು. ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಅವರು ಮಾಡಿದ್ದು 1962ರಲ್ಲಿ. ಅಂದರೆ ಬಳಕೆಗೆ ಬಂದ ಎಲ್‌ಇಡಿಗಳ ಮನೆತನದಲ್ಲಿ ಕಾಣದ ಅಕ್ಕ ಮೊದಲು ಹುಟ್ಟಿದಳು, ಕಾಣುವ ತಂಗಿ ಆಮೇಲೆ. ಹೆಸರು ಮಾತ್ರ ತಂಗಿಯದೇ ದೊಡ್ಡದಾಯಿತು.

ಅದೇ ಕಂಪನಿಯಲ್ಲಿ 1967ರಲ್ಲಿ ಜ್ಯಾಕ್ ಕಿಲ್ಬಿ, ಜೆರ್ರಿ ಮೆರ್ರಿಮನ್, ಜೇಮ್ಸ್ ವ್ಯಾನ್ ಟ್ಯಾಸೆಲ್ ಎಂಬ ಮೂವರು ಕೈಯಲ್ಲಿ ಹಿಡಿಯಬಹುದಾದ ಮೊದಲ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರಿನ ಮಾದರಿಯನ್ನು ಮಾಡಿದರು. ಅದಕ್ಕೆ ಪರದೆಯೇ ಇರಲಿಲ್ಲ. ಉತ್ತರವನ್ನು ಕಾಗದದ ಪಟ್ಟಿಯ ಮೇಲೆ ಮುದ್ರಿಸಿ ಕೊಡುತ್ತಿತ್ತು. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಅಂಗಿಯ ಜೇಬಿನಲ್ಲಿ ಹಿಡಿಸುವ ಎಚ್‌ಪಿ 35 ಎಂಬ ಕ್ಯಾಲ್ಕುಲೇಟರ್ ತಂದಿತು. 35 ಗುಂಡಿಗಳಿದ್ದುದರಿಂದ ಆ ಹೆಸರು. ಬೆಲೆ 395 ಡಾಲರ್. ಅದರ ಅಂಕಿಗಳು ಕೆಂಪು ಎಲ್‌ಇಡಿಯಲ್ಲಿ ಕೆಂಡದ ಕಿಡಿಗಳಂತೆ ಹೊಳೆಯುತ್ತಿದ್ದವು. ಇಂಜಿನಿಯರುಗಳು ಸ್ಲೈಡ್ ರೂಲನ್ನು ಮೇಜಿನ ಡ್ರಾಯರಿಗೆ ಸೇರಿಸಿದ್ದು ಆಗಲೇ. ಆದರೆ ಆ ಕೆಂಪು ಅಂಕಿಗಳು ಬ್ಯಾಟರಿಯನ್ನು ಗಟಗಟ ಕುಡಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ಇಂದಿಗೂ ನಮಗೆ ಪರಿಚಿತವಾಗಿರುವ ಬೂದು ಬಣ್ಣದ ಎಲ್‌ಸಿಡಿ ಪರದೆ ಬಂದು ಅವುಗಳನ್ನು ಮನೆಯಿಂದ ಆಚೆ ಹಾಕಿತು.

ಮುಂಬಾಗಿಲಿನಿಂದ ಹೋದ ಎಲ್‌ಇಡಿ 1986ರಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಬಂತು, ಈ ಸಲ ಯಾರ ಕಣ್ಣಿಗೂ ಕಾಣದಂತೆ. ಆ ವರ್ಷ ಬಂದ ಎಚ್‌ಪಿ 18ಸಿ ಎಂಬ ವ್ಯಾಪಾರಿಗಳ ಕ್ಯಾಲ್ಕುಲೇಟರಿನ ನೆತ್ತಿಯಲ್ಲಿ ಒಂದು ಅವಕೆಂಪು ಎಲ್‌ಇಡಿ ಇತ್ತು. ಎದುರಿಗೆ ಒಂದು ಪುಟ್ಟ ಪ್ರಿಂಟರ್ ಇಟ್ಟರೆ ತಂತಿಯಿಲ್ಲದೆ ಲೆಕ್ಕವನ್ನು ಅದಕ್ಕೆ ಕಳಿಸುತ್ತಿತ್ತು. ಇಲ್ಲೊಂದು ತಮಾಷೆಯಿದೆ. ಕ್ಯಾಲ್ಕುಲೇಟರ್ ಹೇಳುತ್ತಿತ್ತು, ಪ್ರಿಂಟರ್ ಕೇಳಿಸಿಕೊಳ್ಳುತ್ತಿತ್ತು, ಆದರೆ ಪ್ರಿಂಟರಿಗೆ ತಿರುಗಿ ಹ್ಞೂಂ ಎನ್ನುವ ಶಕ್ತಿಯೇ ಇರಲಿಲ್ಲ. ಬೆಳಗಿನ ಪತ್ರಿಕೆ ಓದುತ್ತಾ ಕೂತ ಯಜಮಾನರಿಗೆ ಅಡುಗೆಮನೆಯಿಂದ ಸಾಮಾನಿನ ಪಟ್ಟಿ ಹೇಳಿದಂತೆ! ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು. ಹೀಗಾಗಿ ಒಂದು ಸಾಲು ಹೇಳಿ, ಇಷ್ಟು ಹೊತ್ತಿಗೆ ಬರೆದುಕೊಂಡಿರಬೇಕು ಎಂದು ಅಂದಾಜು ಮಾಡಿ, ತುಸು ತಡೆದು ಮುಂದಿನ ಸಾಲು ಹೇಳುವಂತೆ ಇಂಜಿನಿಯರುಗಳು ಅದಕ್ಕೆ ಕಲಿಸಿದ್ದರು. ಮುಂದೆ ಬಂದ ಎಚ್‌ಪಿ 48ರಲ್ಲಿ ಈ ತಡೆ ಸುಮಾರು 1.8 ಸೆಕೆಂಡು. ನಮ್ಮ ಮನೆಗಳಲ್ಲಿ ಅಷ್ಟು ಸಾಲದು.

1990ರಲ್ಲಿ ಎಚ್‌ಪಿ 48ಎಸ್‌ಎಕ್ಸ್ ಬಂದಾಗ ಕ್ಯಾಲ್ಕುಲೇಟರಿಗೆ ಬಾಯಿಯ ಜೊತೆಗೆ ಕಿವಿಯೂ ಬಂತು. ಅಂಥ ಎರಡನ್ನು ಎದುರುಬದುರು ಮಲಗಿಸಿದರೆ ಒಂದರಿಂದ ಇನ್ನೊಂದಕ್ಕೆ ಸೂತ್ರಗಳನ್ನೂ ಬರಹವನ್ನೂ ಕಳಿಸಬಹುದಾಗಿತ್ತು. 1993ರಲ್ಲಿ ಅದರ ತಂಗಿ 48ಜಿ ಬಂತು. ಈ 48ಜಿಯೇ ನಮ್ಮ ಕಥೆಯ ನಾಯಕಿ.

ಆಗ ನನಗೆ ಮದುವೆಯಾಗಿ ಎರಡು ವರ್ಷ. ನಮ್ಮ ನಾದಿನಿ ಇಂಜಿನಿಯರಿಂಗ್ ಕಾಲೇಜಿನ ಮೂರನೆಯ ವರ್ಷದಲ್ಲಿದ್ದಳು. ಹೆಣ್ಣುಮಗಳಿಗೆ ಇಂಜಿನಿಯರಿಂಗ್ ಯಾಕೆ, ಬಿ.ಎಸ್ಸಿ. ಸಾಲದೇ ಎಂದು ನೆಂಟರೆಲ್ಲ ಹೇಳಿದರೂ ಮಾವನವರು ಹಟ ಮಾಡಿ ಸೇರಿಸಿದ್ದರು. ಅಮೆರಿಕದಲ್ಲಿದ್ದ ನಮ್ಮ ಭಾವನವರು ರಜಕ್ಕೆ ಬಂದಾಗ ತಂಗಿಗೆಂದು ಒಂದು 48ಜಿ ತಂದುಕೊಟ್ಟಿದ್ದರು. ಅವಳು ಅದನ್ನು ರೇಷ್ಮೆ ಕುಪ್ಪಸದ ತುಂಡಿನಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದಳು. ಅವಳ ತರಗತಿಯಲ್ಲಿ ಇನ್ನೊಬ್ಬ ಹುಡುಗನ ಹತ್ತಿರವೂ ಅದೇ ಕ್ಯಾಲ್ಕುಲೇಟರಿತ್ತು; ಅವನ ಅಣ್ಣನೂ ಹೊರದೇಶದಲ್ಲಿದ್ದ. ಇಡೀ ಕಾಲೇಜಿಗೆ ಅಂಥವು ಎರಡೇ.

ಒಂದು ಇಂಟರ್ನಲ್ ಟೆಸ್ಟಿನಲ್ಲಿ ಇಬ್ಬರ ಉತ್ತರವೂ ದಶಮಾಂಶದ ಆಚೆಯ ಕೊನೆಯ ಅಂಕಿಯವರೆಗೆ ಒಂದೇ ಆಗಿತ್ತು. ಉಳಿದವರೆಲ್ಲ ನಾಲ್ಕು ಅಂಕಿಗೆ ನಿಲ್ಲಿಸಿದ್ದರೆ ಇವರಿಬ್ಬರು ಮಾತ್ರ ಪರದೆಯಲ್ಲಿ ಕಂಡ ಅಷ್ಟನ್ನೂ ಇಳಿಸಿದ್ದರು. ಕಾರಣ ಸರಳ, ಆ ಯಂತ್ರ 12 ಅಂಕಿ ತೋರಿಸುತ್ತಿತ್ತು. ಆದರೆ ಮೌಲ್ಯಮಾಪನ ಮಾಡಿದವರ ಗಮನ ಹೋದದ್ದು ಬೇರೆ ಕಡೆ. ಅದರ ನೆತ್ತಿಯ ಮೇಲೊಂದು ಕಪ್ಪು ಕಿಟಕಿಯಿದೆ, ಅದರಲ್ಲಿ ಟೀವಿ ರಿಮೋಟಿನಲ್ಲಿರುವಂಥ ಇನ್‌ಫ್ರಾರೆಡ್ ಇದೆ, ರಿಮೋಟ್ ಇಡೀ ಹಾಲಿನಲ್ಲಿ ಕೆಲಸ ಮಾಡುತ್ತದೆ, ಆದ್ದರಿಂದ ಇವರಿಬ್ಬರೂ ಪರೀಕ್ಷೆಯ ಕೋಣೆಯಲ್ಲಿ ಕಾಣದ ಬೆಳಕಿನಲ್ಲಿ ಉತ್ತರ ದಾಟಿಸಿಕೊಂಡಿದ್ದಾರೆ ಎಂದು ತೀರ್ಮಾನವಾಯಿತು. ಕ್ಯಾಲ್ಕುಲೇಟರುಗಳು ಪ್ರಿನ್ಸಿಪಾಲರ ಬೀರುವಿಗೆ ಹೋದವು. ತಂದೆಯನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದರು.

ನಕಲಿನ ಆಪಾದನೆ ಒಂದು ದಿನವೂ ನಕಲಿನ ಆಪಾದನೆಯಾಗಿ ಉಳಿಯಲಿಲ್ಲ. ಹುಡುಗಿ, ಹುಡುಗ, ಕಾಣದ ಸಂದೇಶ ಎಂದಮೇಲೆ ಊರಿಗೆ ಬೇರೇನು ಬೇಕು? ಇಬ್ಬರೂ ಕ್ಯಾಲ್ಕುಲೇಟರಿನಲ್ಲಿ ಕಾಗದ ಬರೆದುಕೊಳ್ಳುತ್ತಾರಂತೆ ಎಂದು ಹಾಲು ಹಾಕುವವಳ ಬಾಯಿಯಲ್ಲೂ ಬಂತು. ನಾದಿನಿ ಆ ಹುಡುಗನೊಂದಿಗೆ ನಾಲ್ಕು ಮಾತು ಕೂಡ ಆಡಿದವಳಲ್ಲ. ಅತ್ತೆ ದೇವರ ಮನೆಯಲ್ಲಿ ಕೂತು ಅತ್ತರು. ಮಾವನವರು ಊಟದ ಹೊತ್ತಿಗೆ, "ಸಾಕು. ಓದಿದ್ದು ಸಾಕು. ಇನ್ನು ಗಂಡು ನೋಡೋಣ" ಎಂದರು. ಆ ಮನೆಯಲ್ಲಿ ಮಾವನವರು ಸಾಕು ಎಂದರೆ ಸಾಕೇ.

ರಾತ್ರಿ ನಾದಿನಿ ನನ್ನ ಹತ್ತಿರ ಬಂದು, "ಅತ್ತಿಗೆ, ನಾನು ಏನೂ ಮಾಡಿಲ್ಲ" ಎಂದಳು.

"ನನಗೆ ಗೊತ್ತು ಕಣೇ. ಆದರೆ ನನಗೆ ಗೊತ್ತಿದ್ದರೆ ಸಾಲದಲ್ಲ. ಅದರ ಜೊತೆಗೆ ಬಂದ ಪುಸ್ತಕ ಎಲ್ಲಿದೆ?"

ಪುಸ್ತಕ ದಪ್ಪನೆಯದು, ಇಂಗ್ಲಿಷಿನದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾವಿಬ್ಬರೂ ಓದಿದೆವು. ನನಗೆ ಅರ್ಥವಾಗದ ಗಣಿತವನ್ನು ಅವಳು ಹೇಳುತ್ತಿದ್ದಳು, ಅವಳಿಗೆ ಅಳು ಬಂದಾಗ ಪುಟವನ್ನು ನಾನು ತಿರುಗಿಸುತ್ತಿದ್ದೆ. ಕೊನೆಗೆ ಸಿಕ್ಕಿತು. ಒಂದರಿಂದ ಇನ್ನೊಂದಕ್ಕೆ ಕಳಿಸಬೇಕಾದರೆ ಎರಡನ್ನೂ ಎದುರುಬದುರಾಗಿ, ತ್ರಿಕೋನದ ಗುರುತಿಗೆ ಗುರುತು ಸೇರುವಂತೆ ಇಡಬೇಕು. ನಡುವಿನ ಅಂತರ ಎರಡು ಅಂಗುಲ ಮೀರಬಾರದು. ಅವರ ಇಂಚು, ನಮ್ಮ ಅಂಗುಲ. ಎರಡು ಅಂಗುಲ! ಇವರಿಬ್ಬರ ಬೆಂಚುಗಳ ನಡುವೆ ಒಬ್ಬರು ಧಾರಾಳವಾಗಿ ಓಡಾಡುವಷ್ಟು ಜಾಗವಿತ್ತು.

ಮರುದಿನ ಮಾವನವರು, ಇವರು, ನಾನು, ನಾದಿನಿ, ಆ ಹುಡುಗನ ತಂದೆ, ಎಲ್ಲರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಪುಸ್ತಕದ ಸಾಲನ್ನು ತೋರಿಸಿದೆ. ಪುಸ್ತಕದಲ್ಲಿ ಏನು ಬೇಕಾದರೂ ಬರೆದಿರುತ್ತಾರೆ ಎಂದರು. ಹಾಗಾದರೆ ಇಲ್ಲೇ ನೋಡಿಬಿಡಿ ಸಾರ್, ನಮ್ಮ ಮಕ್ಕಳು ಮುಟ್ಟುವುದೂ ಬೇಡ, ನೀವೇ ಒತ್ತಿ ಎಂದು ಕೇಳಿಕೊಂಡೆ. ನಾದಿನಿ ದೂರ ನಿಂತೇ ಯಾವ ಗುಂಡಿಯ ನಂತರ ಯಾವುದೆಂದು ಹೇಳಿದಳು. ಮೇಜಿನ ಮೇಲೆ ಅಡಿಪಟ್ಟಿ ಇಟ್ಟು, ಎರಡು ಅಂಗುಲದಲ್ಲಿ ಕಳಿಸಿದರೆ ಹೋಯಿತು. ಒಂದು ಗೇಣಿನಲ್ಲಿ ಕಳಿಸಿದರೆ ಹೋಗಲಿಲ್ಲ. ಗುರುತಿನಿಂದ ಸ್ವಲ್ಪ ಓರೆ ಮಾಡಿದರೆ ಹತ್ತಿರದಲ್ಲಿಯೂ ಹೋಗಲಿಲ್ಲ. ಅವರು ಮೂರು ಸಲ ನೋಡಿದರು. ಆಮೇಲೆ ಜವಾನನನ್ನು ಕಳಿಸಿ ಪರೀಕ್ಷೆಯ ಕೋಣೆಯ ಬೆಂಚುಗಳ ನಡುವಿನ ದೂರವನ್ನು ಅಳೆಸಿದರು. ಐದೂವರೆ ಅಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀರುವಿನ ಕೀಲಿ ತಿರುಗಿಸಿ, ಅಂಕಗಳನ್ನು ಹಾಗೆಯೇ ಉಳಿಸುತ್ತೇವೆ ಎಂದು ಹೇಳಿ ಕಳಿಸಿಕೊಟ್ಟರು.

ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಊರಿನ ಬಾಯಿ ಮುಚ್ಚಲು ಇನ್ನೂ ಆರು ತಿಂಗಳು ಹಿಡಿಯಿತು. ಅದಕ್ಕೆ ಅಡಿಪಟ್ಟಿ ಇಲ್ಲವಲ್ಲ. ಆದರೆ ಮಾವನವರು ಮನೆಗೆ ಬಂದವರೇ, "ಸೋಮವಾರದಿಂದ ಕಾಲೇಜಿಗೆ ಹೋಗಮ್ಮ" ಎಂದಷ್ಟೇ ಹೇಳಿ ಪಂಚಾಂಗ ತೆಗೆದುಕೊಂಡು ಕೂತರು. ನಾದಿನಿ ಬಿ.ಇ. ಮುಗಿಸಿದಳು, ಕೆಲಸಕ್ಕೂ ಸೇರಿದಳು.

ರಿಮೋಟಿನ ಬೆಳಕು ಹಾಲು ದಾಟುವಾಗ ಕ್ಯಾಲ್ಕುಲೇಟರಿನದು ಗೇಣು ದಾಟದೇ ಹೋದದ್ದು ಏಕೆ ಎಂಬುದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಬೆಳಕು ಎರಡು ಅಂಗುಲಕ್ಕೆ ನಿಂತುಬಿಡುವುದಿಲ್ಲ, ಹರಡುತ್ತಾ ತೆಳುವಾಗುತ್ತಾ ಹೋಗುತ್ತಲೇ ಇರುತ್ತದೆ. ಪ್ರಶ್ನೆ ಕೇಳಿಸಿಕೊಳ್ಳುವ ಕಿವಿಯದು. ರಿಮೋಟ್ ತನ್ನ ಎಲ್‌ಇಡಿಗೆ ಜೋರಾಗಿ ವಿದ್ಯುತ್ ಹರಿಸಿ ಅದನ್ನು ಸೆಕೆಂಡಿಗೆ ಸುಮಾರು 36,000ದಿಂದ 40,000 ಸಲ ಮಿಡಿಯುವಂತೆ ಮಾಡುತ್ತದೆ. ಟೀವಿಯ ಕಿವಿ ಆ ತಾಳಕ್ಕೆ ಮಾತ್ರ ಓಗೊಟ್ಟು, ಟ್ಯೂಬ್‌ಲೈಟು ಬಿಸಿಲು ಎಲ್ಲವನ್ನೂ ಬದಿಗೆ ತಳ್ಳುತ್ತದೆ. ಮೂರು ಸಣ್ಣ ಬ್ಯಾಟರಿಗಳ ಮೇಲೆ ತಿಂಗಳುಗಟ್ಟಲೆ ಬದುಕಬೇಕಾದ ಕ್ಯಾಲ್ಕುಲೇಟರಿಗೆ ಅಷ್ಟು ಸಂಸಾರ ಕಟ್ಟಿಕೊಡುವುದು ಕಷ್ಟ. ಪರೀಕ್ಷೆಯಲ್ಲಿ ಹುಡುಗರು ಮೋಸ ಮಾಡಬಾರದೆಂದು ಬೇಕೆಂದೇ ಅದರ ಕಿವಿಯನ್ನು ಮಂದ ಮಾಡಿದ್ದರು ಎಂದು ಅದನ್ನು ಬಳಸಿದವರು ಹೇಳುವುದುಂಟು.

ತರಂಗಾಂತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 940ರ ಆಸುಪಾಸಿನ ಬಿಸಿಲನ್ನು ಗಾಳಿಯಲ್ಲಿರುವ ನೀರಾವಿ ಒಂದಷ್ಟು ಹೀರಿಕೊಳ್ಳುವುದರಿಂದ ಅಲ್ಲಿ ಸೂರ್ಯನ ಗದ್ದಲ ಸ್ವಲ್ಪ ಕಡಿಮೆ. ರಿಮೋಟಿನವರಿಗೆ ಆ ಜಾಗ ಅನುಕೂಲ. ಮುಂದೆ ಕಂಪ್ಯೂಟರು, ಫೋನುಗಳು ತಮ್ಮತಮ್ಮಲ್ಲಿ ಮಾತಾಡಲು ಐಆರ್‌ಡಿಎ ಎಂಬ ಒಪ್ಪಂದ ಬಂದಾಗ 850ರಿಂದ 900ರವರೆಗಿನ ಬೆಳಕನ್ನು ಆರಿಸಿಕೊಂಡರು. 2003ರಲ್ಲಿ ಬಂದ ಎಚ್‌ಪಿ 49ಜಿ ಪ್ಲಸ್ ಇದೇ ಒಪ್ಪಂದದ್ದು. ಹೀಗೆ ಎರಡು ಮನೆತನವಾಯಿತು. 870ರಲ್ಲಿ ಹಾಡುವ ಕ್ಯಾಲ್ಕುಲೇಟರಿನಿಂದ 940ಕ್ಕೆ ಶ್ರುತಿ ಮಾಡಿದ ಟೀವಿಯನ್ನು ನಡೆಸಹೊರಟರೆ ಅದಕ್ಕೆ ಅರೆಬರೆ ಮಾತ್ರ ಕೇಳಿಸುತ್ತದೆ. ಎರಡೂ ಕಾಣದ ಬೆಳಕೇ, ಆದರೆ ಒಂದೇ ಅಲ್ಲ. ಗೇಟಿನ ಮೇಲಿನ ಸಿಸಿಟಿವಿ ಕ್ಯಾಮೆರಾದ ಸುತ್ತ ರಾತ್ರಿ ಮಂದವಾದ ಕೆಂಪು ಚುಕ್ಕೆಗಳು ಕಂಡರೆ ಅದು 850ರದು ಎಂದುಕೊಳ್ಳಿ. ಕಣ್ಣಿನ ಎಲ್ಲೆಗೆ ಹತ್ತಿರವಾದ್ದರಿಂದ ತುಸು ಇಣುಕುತ್ತದೆ. 940ರದು ಇಣುಕುವುದಿಲ್ಲ.

ಈ ಸಂಶಯ ನಮ್ಮ ಊರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸಿಟಿ ಎಂಬ ಪರೀಕ್ಷೆಯ ನಿಯಮಾವಳಿಯಲ್ಲಿ ಎಚ್‌ಪಿ 38ಜಿ, 48ಜಿಗಳ ಹೆಸರು ಹೇಳಿಯೇ ಒಂದು ಅಪ್ಪಣೆಯಿತ್ತು: ಅವುಗಳ ಅವಕೆಂಪು ಕಿಟಕಿಯನ್ನು ದಪ್ಪನೆಯ, ಬೆಳಕು ತೂರದ ಟೇಪಿನಿಂದ ಪೂರ್ತಿ ಮುಚ್ಚಿಕೊಂಡು ಬರಬೇಕು. ನನಗೆ ಈ ನಿಯಮ ಬಹಳ ಹಿಡಿಸಿತು. ಅದರಲ್ಲಿ ಯಾರನ್ನೂ ಕಳ್ಳರೆಂದು ಕರೆದಿಲ್ಲ. ಯಂತ್ರಕ್ಕೆ ಕಣ್ಣಿದೆ, ಕಣ್ಣಿಗೆ ಪಟ್ಟಿ ಕಟ್ಟಿ, ಒಳಗೆ ಬಂದು ಕೂತು ಬರೆಯಿರಿ ಎಂದಷ್ಟೇ. ಬೆಳಕು ತೂರದ ಟೇಪು ಎಂದು ಒತ್ತಿ ಹೇಳಿದ್ದಕ್ಕೂ ಅರ್ಥವಿದೆ. ಕ್ಯಾಲ್ಕುಲೇಟರಿನ ಆ ಕಿಟಕಿಯೇ ನಮಗೆ ಕಪ್ಪಾಗಿ, ಮುಚ್ಚಿದಂತೆ ಕಾಣುತ್ತದೆ. ಅವಕೆಂಪಿಗೆ ಅದು ತೆರೆದ ಗಾಜು. ನಮ್ಮ ಕಣ್ಣಿಗೆ ಮುಚ್ಚಿದ್ದು ಇನ್ನೊಂದಕ್ಕೆ ತೆರೆದದ್ದಿರಬಹುದು. ನಮ್ಮ ಕಣ್ಣಿಗೆ ತಪ್ಪಾಗಿ ಕಂಡದ್ದು ತಪ್ಪೇ ಅಲ್ಲದಿರಬಹುದು.

ಆ ಬಗೆಯ ಕ್ಯಾಲ್ಕುಲೇಟರುಗಳ ಕಾಲ ಮುಗಿಯಿತು. 1999ರ ಎಚ್‌ಪಿ 49ಜಿಯಲ್ಲಿ ಅವಕೆಂಪನ್ನು ತೆಗೆದೇ ಹಾಕಿದ್ದರು. ಮತ್ತೆ ಬಂದ ಅವಕೆಂಪು 2006ರ 50ಜಿಯಲ್ಲೂ ಇತ್ತು. 2015ರಲ್ಲಿ ಅದರ ತಯಾರಿಕೆಯೂ ನಿಂತಿತು. ಈಗ ಜಗತ್ತನ್ನೇ ದಾಟುವ ಫೋನು ಎಲ್ಲರ ಕೈಯಲ್ಲಿದೆ, ಪರೀಕ್ಷೆಯ ಬಾಗಿಲಲ್ಲಿ ಅದನ್ನು ತೆಗೆದಿರಿಸಿ ಒಳಗೆ ಬಿಡುತ್ತೇವೆ. ಎರಡು ಅಂಗುಲದ ಬೆಳಕಿಗೆ ಹೆದರಿದ ಕಾಲವನ್ನು ನೆನೆದರೆ ಈಗಿನ ಮಕ್ಕಳು ನಗುತ್ತಾರೆ.

ಆದರೆ ಆ ಎಲ್‌ಇಡಿಗಳು ಮನೆ ಬಿಟ್ಟು ಹೋಗಿಲ್ಲ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆ ಪುಟ್ಟ ಆಕ್ಸಿಮೀಟರ್ ನಿಮಗೆ ನೆನಪಿರಬೇಕು. ಅದರೊಳಗೆ ಇರುವುದು ಎರಡು ಎಲ್‌ಇಡಿ. ಒಂದು 660ರ ಕೆಂಪು, 1972ರ ಕ್ಯಾಲ್ಕುಲೇಟರಿನ ಅಂಕಿಗಳ ಬಣ್ಣಕ್ಕೆ ತೀರಾ ಹತ್ತಿರದ್ದು. ಇನ್ನೊಂದು ಸಾಮಾನ್ಯವಾಗಿ 940ರ ಅವಕೆಂಪು, ರಿಮೋಟಿನದ್ದೇ ಸ್ವರ. ಆಮ್ಲಜನಕ ಹೊತ್ತ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಳಿಸಿದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ಬೆರಳನ್ನು ದಾಟಿ ಬಂದ ಎರಡನ್ನೂ ಹೋಲಿಸಿ ಆ ಯಂತ್ರ ಒಂದು ಅಂಕಿ ಹೇಳುತ್ತದೆ. ಕಾಣುವ ತಂಗಿಯೊಬ್ಬಳೇ ಇದ್ದಿದ್ದರೆ ಆ ಅಂಕಿ ಸಿಗುತ್ತಿರಲಿಲ್ಲ. 97 ಎಂದರೆ ಮನೆಯವರೆಲ್ಲ ಉಸಿರು ಬಿಡುತ್ತಿದ್ದೆವು. 90ಕ್ಕೆ ಇಳಿದರೆ ಆಸ್ಪತ್ರೆಗೆ ಓಡುತ್ತಿದ್ದೆವು. ಯಾರಿಂದ ಬಂತು, ಯಾರು ತಂದರು ಎಂದು ನೆರೆಹೊರೆಯವರು ಪರಸ್ಪರ ಬೊಟ್ಟು ಮಾಡುತ್ತಿದ್ದ ಆ ದಿನಗಳಲ್ಲಿ, ಯಾರನ್ನೂ ದೂರದೆ, ಇದ್ದದ್ದನ್ನು ಅಳೆದು ಹೇಳುತ್ತಿದ್ದದ್ದು ಅದೊಂದೇ ಎಂದು ನನಗೆ ಅನ್ನಿಸಿದ್ದುಂಟು.

ಶಾಲೆಯಲ್ಲಿ ವರ್ಷಕ್ಕೆ ನಾಲ್ಕಾರು ಸಲವಾದರೂ ಇಂಥ ದೂರು ನನ್ನ ಮೇಜಿಗೆ ಬರುತ್ತದೆ. ಅವಳು ಇವನಿಗೆ ಏನೋ ಸನ್ನೆ ಮಾಡಿದಳಂತೆ, ಆ ಹುಡುಗ ಯಾರದೋ ಪೆನ್ನು ತೆಗೆದನಂತೆ. ದೂರು ತಂದವರನ್ನು ನಾನು ಗದರುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದೂ ಅನ್ನುವುದಿಲ್ಲ. ನೀನು ಎಲ್ಲಿ ಕೂತಿದ್ದೆ, ಅವಳು ಎಲ್ಲಿದ್ದಳು, ನಡುವೆ ಎಷ್ಟು ದೂರ, ನಿನಗೆ ಅಲ್ಲಿಂದ ಏನು ಕಾಣುತ್ತದೆ ಎಂದು ಒಂದೊಂದಾಗಿ ಕೇಳುತ್ತೇನೆ. ಅರ್ಧಕ್ಕರ್ಧ ದೂರುಗಳು ಅಷ್ಟರಲ್ಲೇ ಮುಗಿಯುತ್ತವೆ. ಉಳಿದವಕ್ಕೆ ಮಕ್ಕಳೊಂದಿಗೆ ಎದ್ದು ಹೋಗಿ ಜಾಗ ನೋಡಿ ಬರುತ್ತೇನೆ. ಹೊತ್ತು ಹಿಡಿಯುತ್ತದೆ, ನಿಜ. ಆದರೆ ಒಂದು ಹುಡುಗಿಯ ಓದಿಗಿಂತ ಆ ಹೊತ್ತು ದೊಡ್ಡದಲ್ಲ.